ಟೀವಿ ಪಾಠಕ್ಕೂ ಒಂದು ಹಗೇವು ಬೇಕು

ಎರಡು ನಿಮಿಷ ಕರೆಂಟ್ ಹೋದದ್ದಕ್ಕೆ ನಾನು ತೆತ್ತ ಬೆಲೆ ಒಂದೂವರೆ ಎಕರೆ ಭತ್ತದ ಎಲೆ.

2022ರ ಮುಂಗಾರಿನ ಮಾತು. ನಾಟಿ ಮಾಡಿ ಇಪ್ಪತ್ತೈದು ದಿನ ಆಗಿತ್ತು. ಪೈರು ಏಳಲಿಲ್ಲ. ಕೆಳಗಿನ ಎಲೆಗಳ ಮೇಲೆ ತುಕ್ಕು ಹಿಡಿದಂಥ ಚುಕ್ಕೆ. ಅಂದು ಸಂಜೆಯೇ ಚಂದನ ವಾಹಿನಿಯ ಕೃಷಿ ಕಾರ್ಯಕ್ರಮದಲ್ಲಿ ಅದೇ ಚುಕ್ಕೆ ತೋರಿಸಿದರು! ಸತುವಿನ ಕೊರತೆ ಅಂದರು. ವಿಜ್ಞಾನಿಯೊಬ್ಬರು ‘ಲೀಟರ್ ನೀರಿಗೆ ಐದು ಗ್ರಾಂ ಸತುವಿನ ಸಲ್ಫೇಟ್’ ಅಂದದ್ದೇ ತಡ, ಕರೆಂಟ್ ಹೋಯಿತು. ಬಂದಾಗ ಮಾತು ಬೇರೆ ಬೆಳೆಗೆ ಹೊರಳಿತ್ತು. ಅಳತೆ ಸಿಕ್ಕಿತಲ್ಲ, ಇನ್ನೇನು ಬೇಕು? ಮರುದಿನವೇ ಹೊಡೆದೆ. ನಾಲ್ಕನೇ ದಿನಕ್ಕೆ ಎಲೆ ತುದಿ ಸುಟ್ಟು ಹಪ್ಪಳವಾಯಿತು.

ಆ ವಿಜ್ಞಾನಿಯನ್ನು ನಾನು ಬೈಯದ ಕಟ್ಟೆ ಚಿತ್ತವಾಡ್ಗಿಯಲ್ಲಿ ಉಳಿದಿರಲಿಲ್ಲ. ‘ಎಸಿ ರೂಮಿನಾಗ ಕೂತು ಹೇಳ್ತಾರ, ಸುಟ್ಕೊಳ್ಳೋರು ನಾವು’ ಅಂತ ಚಾ ಅಂಗಡಿಯಲ್ಲಿ, ಗೊಬ್ಬರದಂಗಡಿಯಲ್ಲಿ, ಕಾಲುವೆ ದಂಡೆಯಲ್ಲಿ ಹೇಳಿಕೊಂಡು ತಿರುಗಿದೆ. ಕೇಳಿದವರೂ ಹೂಂಗುಟ್ಟಿದರು. ಅವರಿಗೂ ಇಂಥದ್ದೊಂದು ಅನುಭವ ಇದ್ದೇ ಇರುತ್ತದಲ್ಲ.

ತಪ್ಪು ಯಾರದು?

ಮರುವರ್ಷ ಅದೇ ಕಾರ್ಯಕ್ರಮ ಮರುಪ್ರಸಾರವಾಯಿತು. ಅಷ್ಟರಲ್ಲಿ ನನ್ನ ಅಕ್ಕನ ಮಗ ಹಳೇ ಕಂಪ್ಯೂಟರಿಗೆ ಏನೇನೋ ಜೋಡಿಸಿ ಟೀವಿ ಕಾರ್ಯಕ್ರಮ ತನ್ನಷ್ಟಕ್ಕೆ ರೆಕಾರ್ಡ್ ಆಗುವಂತೆ ಮಾಡಿಟ್ಟಿದ್ದ. ರಾತ್ರಿ ಉಂಡು ಕೂತು ನೋಡಿದೆ. ‘ಐದು ಗ್ರಾಂ ಸತುವಿನ ಸಲ್ಫೇಟ್’ ಆದ ಮೇಲೆ ಅವರು ಇನ್ನೊಂದು ಮಾತು ಹೇಳಿದ್ದರು. ‘ಅದರ ಅರ್ಧದಷ್ಟು, ಅಂದರೆ ಎರಡೂವರೆ ಗ್ರಾಂ ಸುಣ್ಣದ ತಿಳಿ ಸೇರಿಸದೆ ಹೊಡೆಯಬೇಡಿ, ಎಲೆ ಸುಡುತ್ತದೆ.’

ಹಿಂದೆ ತಿರುಗಿಸಿ ಮೂರು ಸಲ ಕೇಳಿದೆ. ಮೂರು ಸಲವೂ ಹಾಗೇ ಇತ್ತು!

ತಪ್ಪು ಆ ವಿಜ್ಞಾನಿಯದ್ದಲ್ಲ. ನನ್ನದೂ ಪೂರ್ತಿ ಅಲ್ಲ. ಒಮ್ಮೆ ಹೇಳಿ ಮಾಯವಾಗುವ ಮಾತನ್ನು ನಂಬಿ ಬೇಸಾಯ ಮಾಡುತ್ತೇವಲ್ಲ, ತಪ್ಪು ಆ ಪದ್ಧತಿಯದ್ದು. ಬೀಜ ಮುಂದಿನ ವರ್ಷಕ್ಕೆ ಎತ್ತಿಡುತ್ತೇವೆ. ಹೊಟ್ಟು ಬಣವೆ ಹಾಕುತ್ತೇವೆ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬರಗಾಲಕ್ಕೆ ಕಾಯ್ದಿಟ್ಟರು. ಟೀವಿಯಲ್ಲಿ ಬರುವ ಕೃಷಿಪಾಠವನ್ನು ಮಾತ್ರ ಹರಿಯಬಿಟ್ಟು ಕೂತಿದ್ದೇವೆ. ಅದಕ್ಕೊಂದು ಹಗೇವು ಬೇಕು, ಅದನ್ನು ನಾವೇ ಕಟ್ಟಿಕೊಳ್ಳಬಹುದು, ಅದಕ್ಕೆ ಕರೆಂಟೂ ಹೆಚ್ಚು ಬೇಡ. ಇದು ನನ್ನ ವಾದ.

ಹೊಳೆಯಾಚೆಯ ಒಂದು ವರ್ಷ

ಇದು ಇಂದಿನ ಸಮಸ್ಯೆಯೇನಲ್ಲ. ದೂರದರ್ಶನದ ‘ಕೃಷಿ ದರ್ಶನ’ ಶುರುವಾದದ್ದು 1967ರ ಜನವರಿ 26ರಂದು, ದೆಹಲಿ ಸುತ್ತಿನ 80 ಹಳ್ಳಿಗಳಿಗಾಗಿ. ನಮ್ಮ ಕಡೆಗೆ ಟೀವಿ ಬಂದ ಕಥೆ ಇನ್ನೂ ಸ್ವಾರಸ್ಯದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದರು. ‘ಸೈಟ್’ ಅಂತ ಅದರ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ತುಂಗಭದ್ರೆಯ ಆಚೆ ದಡ ಆಗ ರಾಯಚೂರು ಜಿಲ್ಲೆ. ಈಚೆ ದಡದ ನಮ್ಮ ಬಳ್ಳಾರಿ ಜಿಲ್ಲೆಗೆ ಆ ಯೋಗ ಇರಲಿಲ್ಲ.

ಹತ್ತಡಿ ಅಗಲದ ಡಿಶ್. ಅದಕ್ಕೆ ಹೊದಿಸಿದ್ದು ಕೋಳಿಗೂಡಿನ ಜಾಲರಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಇಡೀ ಊರಿಗೆ ಒಂದೇ ಟೀವಿ, ಎಲ್ಲರೂ ಒಟ್ಟಿಗೆ ಕೂತು ನೋಡುವುದು. ವರ್ಷ ಮುಗಿಯಿತು, ಉಪಗ್ರಹವನ್ನು ಅತ್ತ ಸರಿಸಿಕೊಂಡರು. ಮಾರನೇ ದಿನ ಜಾಲರಿಯ ಡಿಶ್ಶಿನಲ್ಲಿ ಏನೂ ಇಲ್ಲ. ಮರುವರ್ಷ, 1977ರಲ್ಲಿ, ಗುಲ್ಬರ್ಗದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಎದ್ದಿತು, ನಿಜ. ಆದರೆ ವರ್ಷವಿಡೀ ಕೇಳಿದ ಪಾಠದಲ್ಲಿ ರೈತನ ಕೈಯಲ್ಲಿ ಉಳಿದದ್ದು ಅವನ ನೆನಪಿನಲ್ಲಿ ಉಳಿದಷ್ಟೇ.

ಐವತ್ತು ವರ್ಷ ಕಳೆಯಿತು. ಡಿಶ್ ಹತ್ತಡಿಯಿಂದ ಎರಡಡಿಗೆ ಇಳಿಯಿತು. 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಬಂತು. ಅದೇ ಇಂದಿನ ಡಿಡಿ ಫ್ರೀ ಡಿಶ್. 2015ರ ಮೇ 26ಕ್ಕೆ ರೈತರಿಗೆಂದೇ ಡಿಡಿ ಕಿಸಾನ್ ವಾಹಿನಿ ಬಂತು. ಮಹಡಿ ಮೇಲೆ ಕೊಂಬಿನ ಆಂಟೆನಾ ತಿರುಗಿಸುತ್ತಿದ್ದ ಕಾಲದ ಹಳೇ ಟ್ರಾನ್ಸ್‌ಮಿಟರುಗಳು ಕೆಲವೇ ಕೆಲವನ್ನು ಬಿಟ್ಟರೆ 2022ರ ಹೊತ್ತಿಗೆ ಮುಚ್ಚಿದವು. ಎಲ್ಲ ಬದಲಾಯಿತು. ಹೇಳಿದ್ದು ಗಾಳಿಗೆ ಹೋಗುವುದು ಮಾತ್ರ ಹಾಗೇ ಉಳಿಯಿತು.

ಹೊತ್ತು ಅವರದ್ದು, ಕೆಲಸ ನಮ್ಮದು

ನಮ್ಮ ಹೊಲಗಳಿಗೆ ನೀರು ವಿಜಯನಗರದ ಅರಸರ ಕಾಲದ ಕಾಲುವೆಗಳದ್ದು. ರಾಯ ಕಾಲುವೆ, ಬಸವಣ್ಣ ಕಾಲುವೆ ಅಂದರೆ ಹೊಸಪೇಟೆ ಸೀಮೆಯವರಿಗೆಲ್ಲ ಗೊತ್ತು. ಕಬ್ಬು, ಭತ್ತ, ಬಾಳೆ. ನೀರಿನ ಪಾಳಿ ಬಂದಾಗ ಮಡೆ ಕಟ್ಟೋದು ಬಿಟ್ಟು ಟೀವಿ ಮುಂದೆ ಕೂರುವವನನ್ನು ಯಾರೂ ರೈತ ಅನ್ನುವುದಿಲ್ಲ. ಪಂಪ್‌ಸೆಟ್ಟಿನವರಿಗೂ ಅಷ್ಟೇ. ತ್ರೀ ಫೇಸ್ ಬರುವ ಹೊತ್ತಿಗೆ ಹೊಲದಲ್ಲಿರಲೇಬೇಕು. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಸಂಜೆ ಹೊತ್ತು ಹಾಲು ಕರೆಯುವುದು, ಒಲೆ ಹಚ್ಚುವುದು. ಹೊಲದ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವವರೇ ಕೃಷಿ ಕಾರ್ಯಕ್ರಮ ನೋಡುವುದಿಲ್ಲ!

ಅಂದರೆ ಕಾರ್ಯಕ್ರಮ ನೋಡುವುದು ಯಾರು? ಹೊಲಕ್ಕೆ ಹೋಗಲಾಗದ ಮುದುಕರು. ಹೊಲಕ್ಕೆ ಹೋಗದ ಹುಡುಗರು ಚಾನೆಲ್ ಬದಲಿಸುತ್ತಾರೆ.

ಭತ್ತ ತುಂಬಲು ಗಿರಣಿ ಬೇಡ

ಅಕ್ಕನ ಮಗ ಡಿಪ್ಲೊಮಾ ಓದಿದವ. ನನ್ನ ಸುಟ್ಟ ಭತ್ತ ನೋಡಿ ಅವನಂದದ್ದು ಇಷ್ಟು: ‘ಮಾವ, ಕರೆಂಟ್ ಹೋಗಿದ್ದು ನಿಮ್ಮ ಮನ್ಯಾಗ. ಉಪಗ್ರಹದಾಗ ಹೋಗಿರಲಿಲ್ಲ. ನೀವು ಇಲ್ಲದಾಗ ಹಿಡಿದಿಡಾಕ ಒಂದು ಪೆಟ್ಟಿಗಿ ಬೇಕು, ಅಷ್ಟ.’

ಮೊದಲು ಮಾಡಿದ್ದು ಹಳೇ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ. ಕೆಲಸವೇನೋ ಮಾಡಿತು. ಆದರೆ ಅದು ದಿನವಿಡೀ ಬುಸುಗುಡುತ್ತ ಕೂರುತ್ತಿತ್ತು. ಫ್ಯಾನಿನ ತುಂಬ ದೂಳು. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರಿನಲ್ಲಿ ನೋಡಿದರೆ 85 ವ್ಯಾಟ್. ಬಿಡದೆ ಓಡಿದರೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 61. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮನೆಗೊಂದು ಮಿತಿ ಗೊತ್ತಾಯಿತಲ್ಲ, ನಮ್ಮದು ಆ ಮಿತಿ ದಾಟಿ ಬಿಲ್ ಬರತೊಡಗಿತು. ‘ಜಿಂಕಿನ ಪಾಠ ಕಲಿಯಾಕ ಹೋಗಿ ಬೆಳಕಿನ ಬಿಲ್ಲು ಹೊತ್ತುಕೊಂಡ್ರಿ’ ಅಂತ ಮನೆಯಾಕೆಯಿಂದ ಮಂಗಳಾರತಿ. ಕಂಪ್ಯೂಟರ್ ಮೂಲೆ ಸೇರಿತು.

ಅದು ಮೂಲೆಯಲ್ಲಿದ್ದಾಗಲೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಚೈನು ಕಡಿದು ಕೊಚ್ಚಿಹೋಯಿತು. ಆ ವಾರ ನಾವ್ಯಾರೂ ಟೀವಿ ಮುಂದಿನಿಂದ ಏಳಲಿಲ್ಲ. ಎಷ್ಟು ನೀರು ಉಳಿಯುತ್ತದೆ, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ ಅಂತ ದಿನಕ್ಕೊಬ್ಬರು ಒಂದೊಂದು ಹೇಳಿದರು. ಯಾರು, ಯಾವತ್ತು, ಏನಂದರು ಅನ್ನೋದು ಇವತ್ತಿಗೂ ನಮ್ಮ ಕಟ್ಟೆಯ ಮೇಲೆ ಜಗಳ. ಒಬ್ಬರ ಬಳಿಯಾದರೂ ದಾಖಲೆ ಇಲ್ಲ. ಆಗ ಹುಡುಗನಿಗೆ ನಾನೇ ಹೇಳಿದೆ, ‘ಇನ್ನೊಂದು ಸಲ ಮಾಡಪಾ. ಆದರೆ ಕರೆಂಟ್ ತಿನ್ನಬಾರದು’ ಅಂತ.

ಇಲ್ಲಿ ಒಂದು ಸಂಗತಿ ತಿಳಿದುಕೊಳ್ಳುವುದು ಒಳ್ಳೆಯದು. ಹಳೇ ಕಾಲದ ಟೀವಿ ಸಿಗ್ನಲನ್ನು ಕಂಪ್ಯೂಟರಿಗೆ ಇಳಿಸಬೇಕಿದ್ದರೆ ಅದನ್ನು ಅಂಕಿಗಳಾಗಿ ಕಡೆದು ಕುಗ್ಗಿಸಬೇಕಿತ್ತು. ಅದಕ್ಕೆ ಕಸುವಿನ ಯಂತ್ರವೇ ಬೇಕು. ಈಗ ಉಪಗ್ರಹದಿಂದ ಬರುವುದು ಆಗಲೇ ಕುಗ್ಗಿಸಿದ ಮಾಲು. ಅದನ್ನು ಹಿಡಿದು ಡಿಸ್ಕಿಗೆ ಹಾಕಿದರೆ ಮುಗಿಯಿತು. ಭತ್ತವನ್ನು ಚೀಲಕ್ಕೆ ತುಂಬಲು ಗಿರಣಿ ಬೇಕೆ? ಬೇಡ. ಅಕ್ಕಿ ಮಾಡುವಾಗ ಬೇಕು. ಹಾಗೆಯೇ ಬಿಚ್ಚುವ ಕೆಲಸ ನೋಡುವಾಗ ಮಾತ್ರ. ಹಾಗಿರುವಾಗ ಚೀಲ ತುಂಬಲು 85 ವ್ಯಾಟಿನ ಗಿರಣಿ ಓಡಿಸಿದ್ದು ನಮ್ಮ ದಡ್ಡತನ.

ನಮ್ಮ ಪೆಟ್ಟಿಗೆಯಲ್ಲಿ ಇರೋದು

ಈಗಿರುವುದು ಎಟಿಎಂ ಕಾರ್ಡಿನಷ್ಟು ಅಗಲದ ಒಂದು ಬೋರ್ಡ್. ರಾಸ್ಪ್‌ಬೆರಿ ಪೈ ಅಂತ ಹೆಸರು. ಮಕ್ಕಳು ಅಗ್ಗದಲ್ಲಿ ಕಂಪ್ಯೂಟರ್ ಕಲಿಯಲಿ ಅಂತ ಬ್ರಿಟನ್ನಿನಲ್ಲಿ 2012ರಲ್ಲಿ ಹೊರತಂದದ್ದು. ನಮ್ಮದು 2019ರಲ್ಲಿ ಬಂದ ನಾಲ್ಕನೇ ಮಾದರಿ. ಅದಕ್ಕೆ ಯುಎಸ್‌ಬಿಯಲ್ಲಿ ಸೇರಿಸುವ ಉಪಗ್ರಹ ಟ್ಯೂನರ್. ಡಿವಿಬಿ-ಎಸ್2 ಅಂತ ಕೇಳಿ ತಗೊಳ್ಳಿ, ಹಳೇ ಹೊಸ ಎರಡೂ ಬಗೆಯ ಪ್ರಸಾರ ಹಿಡಿಯುತ್ತದೆ. ಜೊತೆಗೆ ಒಂದು ಟಿಬಿಯ ಸಣ್ಣ ಡಿಸ್ಕ್. ಮನೆ ಮೇಲಿನ ಫ್ರೀ ಡಿಶ್ ಮೊದಲೇ ಇತ್ತು. ಹಳೇ ಪೆಟ್ಟಿಗೆಗೆ ಹೋಗುತ್ತಿದ್ದ ವೈರನ್ನು ಇದಕ್ಕೆ ಸಿಕ್ಕಿಸಿದರೆ ಆಯಿತು.

ತಂತ್ರಾಂಶಕ್ಕೆ ದುಡ್ಡಿಲ್ಲ. ಹಿಡಿದಿಡಲು ‘ಟೀವಿಹೆಡೆಂಡ್’, ಟೀವಿ ಪರದೆಯಲ್ಲಿ ತೆಗೆದು ನೋಡಲು ‘ಕೋಡಿ’. ನಮ್ಮ ಕೆರೆ ಕೋಡಿಗೂ ಇದಕ್ಕೂ ಸಂಬಂಧ ಇಲ್ಲ. ಎರಡೂ ಜಗತ್ತಿನ ಹವ್ಯಾಸಿಗಳು ಕೂಡಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಬೀಜ ಹಂಚಿಕೊಂಡ ಹಾಗೆ.

ಡಿಶ್, ಟ್ಯೂನರ್, ಬೋರ್ಡ್, ಡಿಸ್ಕ್ ಎಲ್ಲ ಸೇರಿ ರೆಕಾರ್ಡ್ ಆಗುವಾಗ ನಮ್ಮ ಮೀಟರ್ ತೋರಿಸಿದ್ದು 11 ವ್ಯಾಟ್. ಇಡೀ ತಿಂಗಳು ಬಂದ್ ಮಾಡದಿದ್ದರೂ ಎಂಟು ಯೂನಿಟ್. ಎಲ್ಲಿ 61, ಎಲ್ಲಿ ಎಂಟು! ಸಾಧಾರಣ ಗುಣಮಟ್ಟದ ಕಾರ್ಯಕ್ರಮ ಗಂಟೆಗೆ ಹೆಚ್ಚುಕಡಿಮೆ ಒಂದು ಜಿಬಿ ಜಾಗ ತಿನ್ನುತ್ತದೆ. ಅರ್ಧ ಗಂಟೆಯ ಪಾಠ ದಿನಕ್ಕೊಂದರಂತೆ ಇಟ್ಟರೂ ಒಂದು ಟಿಬಿ ಡಿಸ್ಕ್ ಐದು ವರ್ಷಕ್ಕೆ ಸಾಕು.

ಡಿಶ್ ಕೂರಿಸುವವರಿಗೆ ಒಂದು ಮಾತು. ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಹೊಸಪೇಟೆಯಿಂದ ನೋಡಿದರೆ ಆಗ್ನೇಯ ದಿಕ್ಕು, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರ. ಆ ಮೂಲೆಯಲ್ಲಿ ತೆಂಗಿನ ಮರ ಇದ್ದರೆ ಗಾಳಿಗೆ ಗರಿ ಅಡ್ಡ ಬಂದಾಗೆಲ್ಲ ಚಿತ್ರ ಒಡೆಯುತ್ತದೆ. ನಮ್ಮದು ಒಡೆಯುತ್ತಿತ್ತು. ಮರ ಕಡಿಯಲಿಲ್ಲ, ಡಿಶ್ಶನ್ನು ದನದ ಕೊಟ್ಟಿಗೆ ಮೇಲಕ್ಕೆ ಸರಿಸಿದೆವು. ಜೋರು ಮಳೆ ಬಂದರೆ ಈ ತರಂಗ ನಿಲ್ಲುವುದು ಸಹಜ. ಅದಕ್ಕೆ ಮದ್ದಿಲ್ಲ.

ಮುಗ್ಗರಿಸಿದ್ದು ಎರಡು ಸಲ

ಎಲ್ಲ ಸಲೀಸು ಅಂತ ಹೇಳಿದರೆ ಸುಳ್ಳಾಗುತ್ತದೆ. ಈ ಬೋರ್ಡ್ ತನ್ನ ತಂತ್ರಾಂಶ ಇಟ್ಟುಕೊಳ್ಳುವುದು ಮೊಬೈಲಿನಂಥ ಮೆಮೊರಿ ಕಾರ್ಡಿನಲ್ಲಿ. ಬರೆಯುತ್ತಿರುವಾಗ ಹಠಾತ್ತಾಗಿ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆ. ಎರಡನೇ ತಿಂಗಳಲ್ಲೇ ಕೆಟ್ಟಿತು. ಪಾಠಗಳು ಬೇರೆ ಡಿಸ್ಕಿನಲ್ಲಿ ಇದ್ದುದರಿಂದ ಬಚಾವ್. ಈಗ ತಂತ್ರಾಂಶದ ಒಂದು ನಕಲು ಕಾರ್ಡ್ ತಯಾರಿಟ್ಟಿದ್ದೇವೆ, ಜೊತೆಗೆ ಒಂದು ಪುಟ್ಟ ಬ್ಯಾಟರಿ.

ಬ್ಯಾಟರಿ ಲೆಕ್ಕ ಸುಲಭ. 12 ವೋಲ್ಟ್ 7 ಆಂಪಿಯರ್-ಅವರ್ ಅಂದರೆ 84 ವ್ಯಾಟ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಹಿಂಡಬಾರದು. ಉಳಿದ 42ನ್ನು 11ರಿಂದ ಭಾಗಿಸಿ, ನಡುವಿನ ಸೋರಿಕೆ ಕಳೆದರೆ ಮೂರು ಗಂಟೆ. ನಮಗೆ ಸಾಕು. ತೋಟದ ಮನೆಯವರು, ಕರೆಂಟೇ ಇಲ್ಲದವರು 40 ಆಂಪಿಯರ್-ಅವರ್ ಬ್ಯಾಟರಿ, 75ರಿಂದ 100 ವ್ಯಾಟಿನ ಸೋಲಾರ್ ಹಲಗೆ ಹಾಕಿಕೊಂಡರೆ ಬಿಸಿಲಿನ ದಿನಗಳಲ್ಲಿ ಹಗಲೂ ರಾತ್ರಿ ನಡೆಯುತ್ತದೆ. ಬ್ಯಾಟರಿಯಿಂದ ನೇರವಾಗಿ ಮಾತ್ರ ತಂತಿ ಕೊಡಬೇಡಿ. ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ. ಬೋರ್ಡಿಗೆ ಬೇಕಾದ್ದು 5, ಟ್ಯೂನರಿಗೆ 12. ನಡುವೆ ಕನ್ವರ್ಟರ್ ಇರಲೇಬೇಕು.

ಎರಡನೇ ಪೆಟ್ಟು ಗಡಿಯಾರದ್ದು. ನಮ್ಮ ಮಾದರಿಯ ಬೋರ್ಡಿನಲ್ಲಿ ಗಡಿಯಾರದ ಸೆಲ್ ಇಲ್ಲ. ಒಮ್ಮೆ ಪೂರ್ತಿ ಆರಿ ಮತ್ತೆ ಹೊತ್ತಿದರೆ, ಇಂಟರ್ನೆಟ್ ಇಲ್ಲದಿದ್ದರೆ, ಅದಕ್ಕೆ ಹೊತ್ತೇ ಗೊತ್ತಾಗುವುದಿಲ್ಲ. ಸಂಜೆಯ ಕೃಷಿ ಪಾಠ ಹಿಡಿ ಅಂದರೆ ನಟ್ಟಿರುಳಿನ ಭಜನೆ ಹಿಡಿದಿಟ್ಟಿತ್ತು! ಕೆಲವೇ ನೂರು ರೂಪಾಯಿಗೆ ಸಿಗುವ ಗಡಿಯಾರದ ಬಿಡಿಭಾಗ ಸೇರಿಸಿದ ಮೇಲೆ ಸರಿಹೋಯಿತು. ಕಾರ್ಯಕ್ರಮ ಕೆಲವೊಮ್ಮೆ ಹಿಂದೆಮುಂದೆ ಆಗುತ್ತದೆ. ಹತ್ತು ನಿಮಿಷ ಮೊದಲೇ ಶುರು, ಹದಿನೈದು ನಿಮಿಷ ತಡವಾಗಿ ಬಂದ್ ಅಂತ ಇಟ್ಟುಬಿಡಿ.

ಖರ್ಚು? ಡಿಶ್ ಬಿಟ್ಟು ನಮಗೆ ಹದಿನಾರು ಸಾವಿರದ ಆಸುಪಾಸು ಬಿತ್ತು. ಬೆಲೆ ಏರಿಳಿಯುತ್ತದೆ. ಒಬ್ಬ ಸಣ್ಣ ರೈತ ಒಬ್ಬನೇ ಹಾಕುವ ದುಡ್ಡಲ್ಲ ಇದು, ಒಪ್ಪುತ್ತೇನೆ. ಅಂಥವರಿಗೆ ಅಡ್ಡದಾರಿ ಇದೆ. ಹೊಸ ಫ್ರೀ ಡಿಶ್ ಪೆಟ್ಟಿಗೆಗಳಲ್ಲಿ ಹಲವಕ್ಕೆ ಪೆನ್‌ಡ್ರೈವ್ ಹಾಕಿದರೆ ರೆಕಾರ್ಡ್ ಆಗುತ್ತದೆ. ಕೊಳ್ಳುವಾಗ ಅಂಗಡಿಯವನ ಹತ್ತಿರ ಒಮ್ಮೆ ರೆಕಾರ್ಡ್ ಮಾಡಿಸಿ, ಟೈಮರ್ ಇಟ್ಟು ತೋರಿಸು ಅಂತ ಹಟ ಹಿಡಿಯಿರಿ. ಅಷ್ಟರಲ್ಲೇ ಅರ್ಧ ಕೆಲಸ ಆದ ಹಾಗೆ. ದುಡ್ಡು ಕಟ್ಟಿ ನೋಡುವ ಡಿಟಿಎಚ್ ವಾಹಿನಿಗಳಿಗೆ ಬೀಗ ಇರುತ್ತದೆ. ನಮ್ಮಂಥ ಪೆಟ್ಟಿಗೆಗೆ ಅವು ಸಿಗುವುದಿಲ್ಲ, ಅದರ ಗೋಜು ಬೇಡ.

‘ಯೂಟ್ಯೂಬ್ ಇಲ್ವೇನ್ರೀ?’

ಓದುಗರಲ್ಲಿ ಅರ್ಧ ಜನ ಇಷ್ಟರಲ್ಲೇ ಈ ಪ್ರಶ್ನೆ ಕೇಳಿರುತ್ತೀರಿ. ಇದೆ. ನಾನೂ ನೋಡುತ್ತೇನೆ. ಚಂದನದ ಕಾರ್ಯಕ್ರಮಗಳೂ ಅಲ್ಲಿ ಬರುತ್ತವೆ. ನೆಟ್ ಚೆನ್ನಾಗಿ ಸಿಗುವ, ಹುಡುಕಲು ಬಲ್ಲ ರೈತನಿಗೆ ಅದೇ ಸಾಕು ಅಂದರೆ ನಾನು ಜಗಳ ಆಡುವುದಿಲ್ಲ.

ಆದರೆ ಮೂರು ಮಾತು. ಒಂದು, ಅಲ್ಲಿ ಸತುವಿನ ಕೊರತೆ ಅಂತ ಹುಡುಕಿದರೆ ಬೀಳುವ ಹತ್ತು ವಿಡಿಯೋಗಳಲ್ಲಿ ವಿಜ್ಞಾನಿಯ ಮಾತು ಯಾವುದು, ಬಾಟಲಿ ಮಾರುವವನ ಮಾತು ಯಾವುದು ಅಂತ ತಿಳಿಯುವುದು ಕಷ್ಟ. ಮಾರುವವನ ಕೊರಳೇ ಜೋರು. ಎರಡು, ಇವತ್ತು ಇದ್ದದ್ದು ನಾಳೆ ಇರುತ್ತದೆ ಅಂತ ಭರವಸೆ ಇಲ್ಲ. ಹಾಕಿದವರು ತೆಗೆದರೆ ಮುಗಿಯಿತು. ಹೊಳೆಯಾಚೆಯ ಉಪಗ್ರಹದ ಕಥೆಯೇ ಮತ್ತೆ. ಮೂರು, ಮೊಬೈಲಿನಲ್ಲಿ ನೋಡುವುದು ಒಬ್ಬನೇ. ನಮ್ಮ ಮನೆಯಲ್ಲಿ ಈಗ ಭಾನುವಾರ ರಾತ್ರಿ ಟೀವಿ ಮುಂದೆ ನಾನು, ಮನೆಯಾಕೆ, ತಮ್ಮ, ತಮ್ಮನ ಹೆಂಡತಿ, ನಮ್ಮಲ್ಲಿ ಕೆಲಸಕ್ಕೆ ಬರುವ ಇಬ್ಬರು, ಎಲ್ಲರೂ ಇರುತ್ತೇವೆ. ನಡುನಡುವೆ ನಿಲ್ಲಿಸಿ ಮಾತಾಡುತ್ತೇವೆ. ಅಳತೆ ಬಂದಾಗ ‘ತಡೀರಿ, ಬರಕೋತೀನಿ’ ಅಂತ ಯಾರಾದರೂ ಕೂಗುತ್ತಾರೆ. ನೇರ ಪ್ರಸಾರ ಯಾರ ಮಾತಿಗೂ ತಡೆಯುವುದಿಲ್ಲ, ಇದು ತಡೆಯುತ್ತದೆ.

ಕೆಲಸಕ್ಕೆ ಬರುವ ಹೆಣ್ಣುಮಗಳೊಬ್ಬಳು ಬಾಳೆ ಕಂದು ಆರಿಸುವ ಪಾಠ ನೋಡುತ್ತ, ‘ಇದನ್ನು ಹಿಂದಿನ ಸಲ ಬ್ಯಾರೆ ಹೇಳಿದ್ರಲ್ರೀ’ ಅಂದಳು. ತೆಗೆದು ನೋಡಿದರೆ ಅವಳಂದದ್ದು ಸರಿ. ಇಬ್ಬರು ತಜ್ಞರು ಎರಡು ತೂಕ ಹೇಳಿದ್ದರು. ಎರಡನ್ನೂ ಬರೆದುಕೊಂಡು ಹೋಗಿ ಬಲ್ಲವರನ್ನು ಕೇಳಿದೆ. ತಳಿ ಬೇರೆ, ಹಾಗಾಗಿ ತೂಕ ಬೇರೆ ಅಂತ ಬಿಡಿಸಿ ಹೇಳಿದರು. ಹಿಂದಿನ ಹಾಗಾಗಿದ್ದರೆ ನಾನು ಇನ್ನೊಬ್ಬ ವಿಜ್ಞಾನಿಯನ್ನು ಬೈದುಕೊಂಡು ತಿರುಗುತ್ತಿದ್ದೆ. ಹಿಡಿದಿಟ್ಟ ಮಾತು ಹೇಳಿದವರಿಗೂ ಕೇಳಿದವರಿಗೂ ಸಾಕ್ಷಿ.

ಹೆಸರಿಡದ ಹಗೇವು

ಒಂದು ಎಚ್ಚರಿಕೆ. ರೆಕಾರ್ಡ್ ಮಾಡಿ ರಾಶಿ ಹಾಕುವುದು ಸುಲಭ. ಮೊದಲ ಮೂರು ತಿಂಗಳು ನಾವೂ ಅದನ್ನೇ ಮಾಡಿದೆವು. ಬೇಕಾದಾಗ ಏನೂ ಸಿಗಲಿಲ್ಲ. ಎಲ್ಲಿ ತೋಡಿದ್ದು ಅಂತ ಮರೆತ ಹಗೇವಿನಿಂದ ಯಾರ ಹೊಟ್ಟೆ ತುಂಬೀತು?

ಈಗ ಮನೆಯಾಕೆಯದೇ ಆಡಳಿತ. ಅವಳ ಬಳಿ ಒಂದು ನೂರು ಪುಟದ ನೋಟ್ ಪುಸ್ತಕ ಇದೆ. ಬೆಳೆ, ವಿಷಯ, ತಾರೀಕು, ಎಷ್ಟನೇ ನಿಮಿಷದಲ್ಲಿ ಅಳತೆ ಬರುತ್ತದೆ, ಇಷ್ಟು ಬರೆಯುತ್ತಾಳೆ. ನಮಗೆ ಬೇಡದ್ದನ್ನು ಅಳಿಸಿಬಿಡುತ್ತಾಳೆ. ಸೇಬಿನ ಬೇಸಾಯ ಇಟ್ಟುಕೊಂಡು ಹೊಸಪೇಟೆಯವರು ಏನು ಮಾಡೋದು! ಐದರಲ್ಲಿ ಒಂದು ಉಳಿದರೆ ಹೆಚ್ಚು. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಬೆಲೆಬಾಳುವ ಭಾಗ ಆ ನೋಟ್ ಪುಸ್ತಕವೇ. ಅದಕ್ಕೆ ಕರೆಂಟೂ ಬೇಡ.

ನಾವು ಕೇಳಬೇಕಾದ್ದು

ಹೀಗೆ ಹಿಡಿದಿಡುವುದು ಕಾನೂನಿಗೆ ಒಪ್ಪಿಗೆಯೇ? 1957ರ ಹಕ್ಕುಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಪ್ರಸಾರವಾದದ್ದನ್ನು ಸ್ವಂತ ಬಳಕೆಗೆ, ಅಥವಾ ಪ್ರಾಮಾಣಿಕ ಬೋಧನೆ-ಸಂಶೋಧನೆಗೆ ಮಾತ್ರ, ರೆಕಾರ್ಡ್ ಮಾಡಿಕೊಂಡರೆ ತಪ್ಪಿಲ್ಲ. ಮಾರುವಂತಿಲ್ಲ, ದುಡ್ಡು ತಗೊಂಡು ತೋರಿಸುವಂತಿಲ್ಲ. ಸರಿಯೇ. ಆದರೆ ಊರಿನ ಸಹಕಾರ ಸಂಘ ಒಂದು ಪೆಟ್ಟಿಗೆ ಇಟ್ಟು, ಸದಸ್ಯರು ಪೆನ್‌ಡ್ರೈವ್ ತಂದು ಬೇಕಾದ ಪಾಠ ತುಂಬಿಸಿಕೊಂಡು ಹೋಗಬಹುದೇ? ಅಲ್ಲಿಗೆ ಬಂದರೆ ‘ಸ್ವಂತ ಬಳಕೆ’ ಅನ್ನೋ ಮಾತಿನ ಬೇಲಿ ಅಡ್ಡ ಬರುತ್ತದೆ.

ಈ ಬೇಲಿ ತೆಗೆಯುವುದು ಪ್ರಸಾರ ಭಾರತಿಗೆ ಕಷ್ಟವಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ತಯಾರಾದ ಕೃಷಿ ಕಾರ್ಯಕ್ರಮಗಳನ್ನು ರೈತರು, ರೈತ ಸಂಘಗಳು, ಶಾಲೆಗಳು ಲಾಭವಿಲ್ಲದೆ ನಕಲು ಮಾಡಿ ಹಂಚಿಕೊಳ್ಳಬಹುದು ಅಂತ ಕಾರ್ಯಕ್ರಮದ ಕೊನೆಗೆ ಒಂದು ಸಾಲು ಹಾಕಿದರೆ ಸಾಕು. ಅದೇ ನನ್ನ ಮೊದಲ ಬೇಡಿಕೆ.

ಎರಡನೆಯದು ಇನ್ನೂ ಸಣ್ಣದು. ಅಳತೆ ಹೇಳಿದಾಗ ಅದನ್ನು ಬಾಯಿಮಾತಿಗೆ ಬಿಡದೆ ಪರದೆ ಮೇಲೆ ದೊಡ್ಡಕ್ಷರದಲ್ಲಿ ಬರೆದು ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿಸಲಿ. ಕಾರ್ಯಕ್ರಮ ಮುಗಿಯುವ ಮುಂಚೆ ಇನ್ನೊಮ್ಮೆ ತೋರಿಸಲಿ. ನನ್ನ ಒಂದೂವರೆ ಎಕರೆಗೆ ಅಷ್ಟೇ ಬೇಕಿತ್ತು.

ಮೂರನೆಯದು ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ, ಹಗರಿ ಕೃಷಿ ವಿಜ್ಞಾನ ಕೇಂದ್ರಕ್ಕೆ. ತಮ್ಮ ವಿಜ್ಞಾನಿಗಳು ಟೀವಿಯಲ್ಲಿ, ಆಕಾಶವಾಣಿಯಲ್ಲಿ ಕೊಟ್ಟ ಪಾಠಗಳನ್ನು ಬೆಳೆವಾರು ಜೋಡಿಸಿ ಒಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಲಿ. ಕೇಳಿಬಂದ ರೈತನಿಗೆ ನಕಲು ಕೊಡಲಿ. ಕೈಪಿಡಿ ಓದಲಾಗದವನೂ ನೋಡಿ ಕಲಿಯುತ್ತಾನೆ.

ಸರಕಾರ ಮಾಡಲಿ ಅಂತ ಕಾಯುತ್ತ ಕೂರುವುದು ಮಾತ್ರ ಬೇಡ. ನಾಲ್ಕಾರು ಮನೆಯವರು ಸೇರಿದರೆ ಒಂದು ಪೆಟ್ಟಿಗೆಯ ಖರ್ಚು ಭಾರವಾಗದು. ಊರಿಗೊಬ್ಬ ಡಿಪ್ಲೊಮಾ ಓದಿದ ಹುಡುಗನೋ ಹುಡುಗಿಯೋ ಈಗ ಇದ್ದೇ ಇರುತ್ತಾರೆ. ಬೇಸಾಯ ಅಂದರೆ ಮೂಗು ಮುರಿಯುವ ಅವರಿಗೆ ಇದರಲ್ಲಿ ಆಸಕ್ತಿ ಬರುತ್ತದೆ. ನಮ್ಮ ಹುಡುಗ ರೆಕಾರ್ಡ್ ಸರಿ ಬಂತೋ ಇಲ್ಲವೋ ಅಂತ ನೋಡಲು ಹೋಗಿ ಕಬ್ಬಿನ ಬೀಜೋಪಚಾರ ಕಲಿತುಬಿಟ್ಟಿದ್ದಾನೆ!

ಈ ಮುಂಗಾರಿನಲ್ಲಿ ನನ್ನ ಭತ್ತದಲ್ಲಿ ಮತ್ತೆ ತುಕ್ಕಿನ ಚುಕ್ಕೆ ಕಂಡಿತು. ಪುಸ್ತಕ ತೆರೆದೆ. ‘ಭತ್ತ, ಸತುವು, ಹದಿನಾಲ್ಕನೇ ನಿಮಿಷ’ ಅಂತ ಇತ್ತು. ಪಾಠ ಹಾಕಿ ನೋಡಿ, ಸುಣ್ಣದ ತಿಳಿ ಸೇರಿಸಿಯೇ ಹೊಡೆದೆ. ಎಲೆ ಸುಡಲಿಲ್ಲ, ಹತ್ತು ದಿನಕ್ಕೆ ಹಸಿರಾಯಿತು. ಆ ವಿಜ್ಞಾನಿ ಎಲ್ಲಿದ್ದಾರೋ. ಅವರಿಗೆ ಬೈದದ್ದನ್ನೆಲ್ಲ ಇದೇ ಕಟ್ಟೆಗಳ ಮೇಲೆ ಕೂತು ಒಂದೊಂದಾಗಿ ವಾಪಸ್ ತಗೊಳ್ಳುತ್ತಿದ್ದೇನೆ.

ನಿಮ್ಮೂರಲ್ಲಿ ಯಾರಾದರೂ ಇಂಥ ಹಗೇವು ತೋಡಿದ್ದಾರೆಯೇ? ಪತ್ರಿಕೆಗೆ ಬರೆಯಿರಿ.